ಡಲ್ಲಾಸ್‌ಗೆ ಎಕಾನಮಿ ಟಿಕೆಟ್ ಕೊಳ್ಳುವ ಮುನ್ನ

ಚಿತ್ರದುರ್ಗದಿಂದ ನೀವು ಕೇಳಿರುವುದು ಇಷ್ಟು: ಎಂ.ಎಸ್. ಓದಲು ಆಗಸ್ಟ್‌ನಲ್ಲಿ ಡಲ್ಲಾಸ್‌ಗೆ ಹೊರಟಿದ್ದೀರಿ, ವಿಮಾನ ಹತ್ತುವುದು ಇದೇ ಮೊದಲು. ಬೆಂಗಳೂರಿನಿಂದ ಎಕಾನಮಿಯಲ್ಲಿ ಯಾವ ಕಂಪನಿ ಒಳ್ಳೆಯದು, ಕೊಲ್ಲಿಯ ಮೂಲಕ ಹೋಗುವುದೋ ಯುರೋಪಿನ ಮೂಲಕವೋ, ಎರಡು ಬೇರೆ ಬೇರೆ ಟಿಕೆಟ್ ಕೊಂಡರೆ ಹದಿನೈದು ಸಾವಿರ ರೂಪಾಯಿ ಉಳಿಯುವುದರಿಂದ ಹಾಗೆ ಕೊಳ್ಳಬಹುದೇ. ಕೊನೆಗೆ, ಮುಂದಿನ ವರ್ಷ ಅಮ್ಮ ಒಬ್ಬರೇ ಬರಲಿದ್ದಾರೆ, ಅವರಿಗೂ ಅದೇ ಕಂಪನಿ ಆದೀತೇ ಎಂದು ಒಂದು ಸಾಲು ಸೇರಿಸಿದ್ದೀರಿ. ಆ ಸಾಲನ್ನು ನೀವು ಹಾಗೆಯೇ ಬರೆದಿರಬಹುದು, ಆದರೆ ನಾನು ಉತ್ತರ ಬರೆಯಲು ಕುಳಿತದ್ದು ಮುಖ್ಯವಾಗಿ ಅದಕ್ಕಾಗಿ.

ಮೊದಲು ಎರಡು ಟಿಕೆಟ್‌ಗಳ ವಿಷಯ. ದಯವಿಟ್ಟು ಕೊಳ್ಳಬೇಡಿ. ಒಂದೇ ಬುಕಿಂಗ್‌ನಲ್ಲಿ ಬೆಂಗಳೂರಿನಿಂದ ಡಲ್ಲಾಸ್‌ವರೆಗೆ ಟಿಕೆಟ್ ಇದ್ದರೆ ನಿಮ್ಮ ಪೆಟ್ಟಿಗೆಗಳು ನೇರ ಡಲ್ಲಾಸ್‌ಗೆ ಬರುತ್ತವೆ, ನಡುವೆ ವಿಮಾನ ತಪ್ಪಿದರೆ ಮುಂದಿನದರಲ್ಲಿ ಕೂರಿಸುವ ಹೊಣೆ ಕಂಪನಿಯದಾಗಿರುತ್ತದೆ. ಎರಡು ಟಿಕೆಟ್ ಇದ್ದಾಗ ಮೊದಲ ಕಂಪನಿಗೆ ನಿಮ್ಮ ಪ್ರಯಾಣ ನಡುದಾರಿಯಲ್ಲೇ ಮುಗಿದಂತೆ, ಎರಡನೆಯ ಕಂಪನಿಗೆ ನೀವು ಸಮಯಕ್ಕೆ ಬಾರದ ಪ್ರಯಾಣಿಕರು. ಸಾಮಾನ್ಯವಾಗಿ ಪೆಟ್ಟಿಗೆಯನ್ನೂ ನೀವೇ ಹೊರಗೆ ಹೋಗಿ ತೆಗೆದುಕೊಂಡು ಮತ್ತೆ ಒಪ್ಪಿಸಬೇಕು, ಹೊರಗೆ ಹೋಗಬೇಕೆಂದರೆ ಆ ದೇಶದ ವೀಸಾ ಬೇಕು, ಮತ್ತು ಫ್ರಾಂಕ್‌ಫರ್ಟ್‌ನಲ್ಲಿ ನಿಂತು ಯುರೋಪಿನ ಷೆಂಗೆನ್ ವೀಸಾ ಎಲ್ಲಿಂದ ತರುತ್ತೀರಿ? 2024ರ ಏಪ್ರಿಲ್ 16ರಂದು ದುಬೈ ನಗರದಲ್ಲಿ ಆ ಊರು ಕಾಣದಂಥ ಮಳೆ ಸುರಿದು ರನ್‌ವೇ ಬಳಿ ನೀರು ನಿಂತಾಗ, 2025ರ ಜೂನ್ 23ರ ರಾತ್ರಿ ಕತಾರ್ ತನ್ನ ವಾಯುಪ್ರದೇಶವನ್ನು ಮುಚ್ಚಿದಾಗ, ಸಾವಿರಾರು ಜನ ದಾರಿಯಲ್ಲಿ ಸಿಕ್ಕಿಕೊಂಡರು. ಅಂಥ ದಿನ ಒಂದೇ ಟಿಕೆಟ್ ಇದ್ದವರು ತಡವಾಗಿಯಾದರೂ ಊರು ಸೇರುತ್ತಾರೆ. ಬಿಡಿ ಟಿಕೆಟ್ ಇದ್ದವರು ಹೊಸದಾಗಿ, ಆ ದಿನದ ದರದಲ್ಲಿ, ಮುಂದಿನ ಪ್ರಯಾಣವನ್ನು ಕೊಳ್ಳಬೇಕಾಗುತ್ತದೆ. ಉಳಿಸಿದ ಹದಿನೈದು ಸಾವಿರ ಅಲ್ಲಿ ಯಾವ ಮೂಲೆಗೂ ಸಾಲದು.

ಕೊಲ್ಲಿಯೋ ಯುರೋಪೋ ಎಂಬುದಕ್ಕೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ದುಬೈ ಅಥವಾ ದೋಹಾ ಮೂಲಕ ಬಂದರೆ ಮೊದಲ ಹಾರಾಟ ನಾಲ್ಕು ಗಂಟೆಯ ಆಸುಪಾಸು, ಎರಡನೆಯದು ಸುಮಾರು ಹದಿನಾರು ಗಂಟೆ. ಫ್ರಾಂಕ್‌ಫರ್ಟ್ ಅಥವಾ ಲಂಡನ್ ಮೂಲಕವಾದರೆ ಸುಮಾರು ಹತ್ತು ಮತ್ತು ಹನ್ನೊಂದು ಗಂಟೆಗಳ ಎರಡು ಭಾಗಗಳು. ನಾನು 2004ರಲ್ಲಿ ಅಮೆರಿಕಕ್ಕೆ ಬಂದದ್ದು ಫ್ರಾಂಕ್‌ಫರ್ಟ್ ಮೂಲಕ. ಆಗ ದೇವನಹಳ್ಳಿಯ ನಿಲ್ದಾಣ ಇನ್ನೂ ಇರಲಿಲ್ಲ, ಅದು ತೆರೆದದ್ದು 2008ರಲ್ಲಿ. ಎಚ್‌ಎಎಲ್‌ನ ಹಳೆಯ ನಿಲ್ದಾಣದ ಹೊರಗೆ ತಿಪಟೂರಿನಿಂದ ಬಂದ ನಮ್ಮವರೆಲ್ಲ ಅರ್ಧರಾತ್ರಿಯವರೆಗೆ ನಿಂತಿದ್ದರು. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು, ಕಾಲು ಚಾಚಿ ನಡೆದು, ಮುಖ ತೊಳೆದು ಮತ್ತೆ ಹತ್ತಿದಾಗ ಪ್ರಯಾಣದ ಅರ್ಧ ಕಳೆದಿದೆ ಎಂಬ ಧೈರ್ಯ ಬಂದಿತ್ತು. ಹದಿನಾರು ಗಂಟೆಯ ಹಾರಾಟದಲ್ಲಿ ಆ ಧೈರ್ಯ ಬೇಗ ಬರುವುದಿಲ್ಲ. ಆದರೆ ಕೊಲ್ಲಿಯ ದಾರಿಯಲ್ಲೂ ಒಂದು ಅನುಕೂಲವಿದೆ: ದುಬೈಯಿಂದಲೋ ದೋಹಾದಿಂದಲೋ ಹೊರಟ ವಿಮಾನ ನೇರ ಡಲ್ಲಾಸ್‌ನಲ್ಲೇ ಇಳಿಯುವುದರಿಂದ ಇಮಿಗ್ರೇಷನ್ ಮುಗಿಸಿ ಪೆಟ್ಟಿಗೆ ತೆಗೆದುಕೊಂಡು ಹೊರಬಂದರೆ ಆಯಿತು. ನ್ಯೂಯಾರ್ಕ್ ಅಥವಾ ಷಿಕಾಗೊದಲ್ಲಿ ಮತ್ತೊಂದು ವಿಮಾನ ಹಿಡಿಯುವ ಟಿಕೆಟ್ ಆದರೆ, ಅಮೆರಿಕದ ನಿಯಮದಂತೆ ಮೊದಲು ಕಾಲಿಟ್ಟ ಊರಿನಲ್ಲೇ ಪೆಟ್ಟಿಗೆ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕು, ಅದಕ್ಕೆ ಮೂರು ಗಂಟೆಯಾದರೂ ಕೈಯಲ್ಲಿರಬೇಕು. ಕೊಲ್ಲಿಯ ನಿಲ್ದಾಣಗಳ ಪೈಕಿ ಅಬುಧಾಬಿಯಲ್ಲಿ ಮಾತ್ರ ಅಮೆರಿಕದ ಅಧಿಕಾರಿಗಳು ಹೊರಡುವ ಮೊದಲೇ ತಪಾಸಣೆ ಮುಗಿಸುತ್ತಾರೆ.

ಯುರೋಪಿನ ದಾರಿಗೆ ಇನ್ನೊಂದು ಬಲವಿದೆ, ಅದು ಕಾನೂನಿನದು. ಯುರೋಪಿಯನ್ ಒಕ್ಕೂಟದ ನಿಲ್ದಾಣದಿಂದ ಹೊರಡುವ ಯಾವುದೇ ಕಂಪನಿಯ ವಿಮಾನಕ್ಕೂ, ಅಲ್ಲಿಗೆ ಬರುವ ಯುರೋಪಿನ ಕಂಪನಿಗಳ ವಿಮಾನಕ್ಕೂ ಅನ್ವಯಿಸುವ ನಿಯಮದಂತೆ, ಕಂಪನಿಯ ತಪ್ಪಿನಿಂದ ದೂರಪ್ರಯಾಣ ಬಹಳ ತಡವಾದರೆ 600 ಯೂರೋವರೆಗೆ ಪರಿಹಾರ ಸಿಗುತ್ತದೆ. ಹವಾಮಾನದಂಥ ಕಾರಣಕ್ಕೆ ಹಣ ಸಿಗದಿದ್ದರೂ ಊಟ ಮತ್ತು ತಂಗುವ ವ್ಯವಸ್ಥೆ ಮಾಡುವುದು ಅವರ ಕರ್ತವ್ಯ. ಟ್ರಾನ್ಸಿಟ್ ವೀಸಾದ, ಅಂದರೆ ನಡುದಾರಿಯ ದೇಶದಲ್ಲಿ ವಿಮಾನ ಬದಲಿಸಲು ಬೇಕಾಗಬಹುದಾದ ವೀಸಾದ, ನಿಯಮಗಳು ಬದಲಾಗುತ್ತಿರುತ್ತವೆ; ಊರ್ಜಿತ ಅಮೆರಿಕ ವೀಸಾ ಇರುವವರಿಗೆ ಸಾಮಾನ್ಯವಾಗಿ ವಿನಾಯಿತಿ ಇದ್ದರೂ, ಟಿಕೆಟ್ ಕೊಳ್ಳುವ ದಿನ ಆಯಾ ದೇಶದ ರಾಯಭಾರ ಕಚೇರಿಯ ತಾಣದಲ್ಲಿ ನೋಡಿಕೊಳ್ಳಿ.

ಬೆಂಗಳೂರಿನಿಂದಲೇ ನೇರ ವಿಮಾನವಿಲ್ಲವೇ ಎಂದು ನಿಮ್ಮ ಮನೆಯವರು ಕೇಳಿಯೇ ಕೇಳುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಬೆಂಗಳೂರಿನ ನಡುವೆ ನೇರ ಸೇವೆ ಆರಂಭಿಸಿ, ಮೊದಲ ಹಾರಾಟವನ್ನು ಮಹಿಳಾ ಪೈಲಟ್‌ಗಳೇ ಉತ್ತರಧ್ರುವದ ದಾರಿಯಲ್ಲಿ ಸುಮಾರು 14,000 ಕಿಲೋಮೀಟರ್ ನಡೆಸಿಕೊಂಡು ದೇವನಹಳ್ಳಿಯಲ್ಲಿ ಇಳಿಸಿದಾಗ, ಇಲ್ಲಿದ್ದ ನಾವೆಲ್ಲ ನಮ್ಮ ಮನೆಯ ಮಕ್ಕಳೇ ಗೆದ್ದಂತೆ ಸಂಭ್ರಮಿಸಿದೆವು. ಆದರೆ ಆ ಸೇವೆ ಮುಂದೆ ಆಗಾಗ ನಿಲ್ಲುತ್ತಾ, ಮತ್ತೆ ಶುರುವಾಗುತ್ತಾ ಬಂತು, ಮತ್ತು ಡಲ್ಲಾಸ್‌ಗೆ ಅದರಿಂದ ಹೆಚ್ಚಿನ ಲಾಭವಿಲ್ಲ.

ಇನ್ನು ಯಾವ ಕಂಪನಿ ಎಂಬ ಪ್ರಶ್ನೆ. ಕಂಪನಿಯ ಹೆಸರಿಗಿಂತ ವಿಮಾನದ ಮಾದರಿಯನ್ನು ನೋಡಿ. ಅದು ಬುಕಿಂಗ್ ಪುಟದಲ್ಲಿ ಹಾರಾಟದ ಸಂಖ್ಯೆಯ ಪಕ್ಕದಲ್ಲೇ ಇರುತ್ತದೆ. ಬೋಯಿಂಗ್ 777ರಲ್ಲಿ ಈಗ ಹೆಚ್ಚಿನವರು ಸಾಲಿಗೆ ಹತ್ತು ಸೀಟು, ಅಂದರೆ ಮೂರು-ನಾಲ್ಕು-ಮೂರು, ಹಾಕಿರುವುದರಿಂದ ಸೀಟಿನ ಅಗಲ 17 ಇಂಚಿನ ಆಸುಪಾಸಿಗೆ ಇಳಿದಿದೆ. ಏರ್‌ಬಸ್ ಎ350ರಲ್ಲಿ ಸಾಲಿಗೆ ಒಂಬತ್ತು, ಅಗಲ 18 ಇಂಚಿಗೆ ಹತ್ತಿರ. ಎ380ರ ಸೀಟೂ ಅಷ್ಟೇ ಧಾರಾಳ. ಒಂದು ಇಂಚು ಎಂದರೆ ಏನು ಮಹಾ ಎನ್ನಿಸಬಹುದು, ಹನ್ನೆರಡನೆಯ ಗಂಟೆಯಲ್ಲಿ ಪಕ್ಕದವರ ಮೊಣಕೈ ನಿಮ್ಮ ಪಕ್ಕೆಗೆ ಒತ್ತುತ್ತಿರುವಾಗ ಅದರ ಬೆಲೆ ತಿಳಿಯುತ್ತದೆ. ಎ350 ಮತ್ತು ಬೋಯಿಂಗ್ 787ರಲ್ಲಿ ಒಳಗಿನ ಗಾಳಿಯ ಒತ್ತಡವನ್ನು 6,000 ಅಡಿ ಎತ್ತರಕ್ಕೆ ಸಮನಾಗಿ ಇಡುತ್ತಾರೆ, ಹಳೆಯ ವಿಮಾನಗಳಲ್ಲಿ ಅದು 8,000 ಅಡಿಯವರೆಗೆ ಹೋಗುತ್ತದೆ. ಇಳಿದಾಗಿನ ತಲೆಭಾರ ಇದರಿಂದ ಕಡಿಮೆಯಾಗುತ್ತದೆಂಬುದು ನನ್ನ ಅನುಭವ. ಊಟ, ಸಿನಿಮಾ, ಗಗನಸಖಿಯರ ನಗು ಇವುಗಳ ಬಗ್ಗೆ ಜನ ಬಹಳ ಬರೆಯುತ್ತಾರೆ, ನೀವು ತಲೆಕೆಡಿಸಿಕೊಳ್ಳಬೇಡಿ. ಸಸ್ಯಾಹಾರ ಬೇಕಿದ್ದರೆ ಹೊರಡುವ ಎರಡು ದಿನ ಮೊದಲೇ ಎವಿಎಂಎಲ್ ಎಂಬ ಸಂಕೇತದ ಊಟವನ್ನು ಟಿಕೆಟ್‌ಗೆ ಸೇರಿಸಿ, ಅನ್ನ, ಬೇಳೆ, ಪಲ್ಯ ಬರುತ್ತದೆ; ಮೊಟ್ಟೆಯಾದರೂ ಪರವಾಗಿಲ್ಲ ಎನ್ನುವವರಿಗಷ್ಟೇ ವಿಎಲ್‌ಎಂಎಲ್.

ಈಗ ನಿಮ್ಮ ತಾಯಿಯವರ ವಿಷಯ. ನನ್ನ ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ನಮ್ಮಮ್ಮ ತಿಪಟೂರಿನಿಂದ ಒಬ್ಬರೇ ಬಂದರು. ಅವರಿಗೆಂದು ಹೆಚ್ಚಿನ ಹಣ ಕೊಟ್ಟು, ಶೌಚಾಲಯಕ್ಕೆ ಹತ್ತಿರದ, ಓಡಾಡುವ ದಾರಿಯ ಪಕ್ಕದ ಸೀಟನ್ನು ತಿಂಗಳುಗಳ ಮೊದಲೇ ಆರಿಸಿಟ್ಟಿದ್ದೆ. ಹೊರಡುವ ಕೆಲವು ದಿನಗಳ ಮೊದಲು ಆ ಕಂಪನಿ ವಿಮಾನದ ಮಾದರಿಯನ್ನು ಬದಲಾಯಿಸಿತು. ಮಾದರಿ ಬದಲಾದಾಗ ಸೀಟಿನ ನಕ್ಷೆ ಪೂರ್ತಿ ಹೊಸದಾಗುತ್ತದೆ, ಯಂತ್ರ ಎಲ್ಲರನ್ನೂ ಮತ್ತೆ ಹಂಚಿ ಕೂರಿಸುತ್ತದೆ. ನಮಗೆ ಯಾವ ಸೂಚನೆಯೂ ಬರಲಿಲ್ಲ, ಅಮ್ಮನಿಗೆ ಉದ್ದದ ಹಾರಾಟದಲ್ಲಿ ಮೂರು ಸೀಟುಗಳ ನಡುವಿನದು ಬಂತು. ದಾರಿಯ ಪಕ್ಕದಲ್ಲಿ ಕುಳಿತಿದ್ದವರು ವಿಮಾನ ಏರುತ್ತಿದ್ದಂತೆ ನಿದ್ದೆಹೋದರು. ನಮ್ಮ ಮನೆಗಳಲ್ಲಿ ಮಲಗಿದವರನ್ನು ಎಬ್ಬಿಸುವುದಿಲ್ಲವಲ್ಲ, ಅದೂ ಪರಗಂಡಸರನ್ನು. ಎದ್ದುಹೋಗುವ ಪ್ರಮೇಯವೇ ಬಾರದಿರಲಿ ಎಂದು ಅಮ್ಮ ನೀರು ಕುಡಿಯುವುದನ್ನೇ ಬಿಟ್ಟರು, ಕಾಫಿ ಬೇಡವೆಂದರು, ಊಟ ಮಾಡಿದರೆ ನೀರು ಬೇಕಾಗುತ್ತದೆಂದು ಊಟವನ್ನೂ ಮುಚ್ಚಿಟ್ಟರು. ಡಲ್ಲಾಸ್‌ನಲ್ಲಿ ಅವರು ಹೊರಬಂದಾಗ ಕಾಲು ಊದಿ ಚಪ್ಪಲಿ ಹಿಡಿಯದೆ ಅದನ್ನು ಕೈಯಲ್ಲಿ ಹಿಡಿದಿದ್ದರು. ಯಾಕೆಂದು ನನಗೆ ಹೇಳಲಿಲ್ಲ, ಎಷ್ಟೋ ದಿನಗಳ ಮೇಲೆ ನನ್ನ ಹೆಂಡತಿಗೆ ಹೇಳಿದರು. ನಾನು ಕಂಪನಿಗೆ ಬರೆದೆ, ಸೀಟಿಗೆ ಕೊಟ್ಟ ಹಣ ಮರಳಿ ಬಂತು.

ಬಾಣಂತನ ಮುಗಿಸಿ ಊರಿಗೆ ಹೋದ ಅಮ್ಮ ಮತ್ತೆ ಬರಲಿಲ್ಲ. ಮಗನ ನಾಮಕರಣಕ್ಕೆ ಕರೆದೆವು, ಮನೆಯ ಗೃಹಪ್ರವೇಶಕ್ಕೆ ಕರೆದೆವು. ಪ್ರತಿ ಸಲವೂ, ತೋಟ ನೋಡುವವರಿಲ್ಲ, ನೀವೇ ಬನ್ನಿ ಎಂದರು. ಈಗ ಅವರಿಲ್ಲ. ನಾನು ಈ ದೇಶದಲ್ಲಿ ಕಟ್ಟಿಕೊಂಡ ಮನೆಯನ್ನು ಅವರು ಫೋನಿನ ಪರದೆಯಲ್ಲಿ ಮಾತ್ರ ನೋಡಿದರು. ಇಷ್ಟು ವರ್ಷಗಳಲ್ಲಿ ಇಲ್ಲಿ ನನಗೆ ಸಿಕ್ಕಿದ್ದನ್ನೆಲ್ಲ ಲೆಕ್ಕ ಹಾಕುವಾಗ, ಒಂದು ಸೀಟಿನ ಕಾರಣಕ್ಕೆ ಹೀಗಾಯಿತಲ್ಲ ಎಂಬ ಕೊರಗು ನನ್ನನ್ನು ಬಿಡುವುದಿಲ್ಲ.

ಆದ್ದರಿಂದ ತಾಯಿಯವರಿಗೆ ಟಿಕೆಟ್ ನೋಡುವಾಗ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಅವರು ಎದ್ದುಹೋಗಲು ಎಷ್ಟು ಜನರನ್ನು ಎಬ್ಬಿಸಬೇಕು? ದಾರಿಯ ಪಕ್ಕದ ಸೀಟಾದರೆ ಯಾರನ್ನೂ ಇಲ್ಲ. ನಾಲ್ಕರ ಸಾಲಿನ ಒಳಸೀಟಾದರೆ ಒಬ್ಬರನ್ನು, ಮೂರರ ಸಾಲಿನ ಕಿಟಕಿಯಾದರೆ ಇಬ್ಬರನ್ನು. ಏರ್‌ಬಸ್ ಎ330ರಲ್ಲಿ ಸೀಟುಗಳು ಎರಡು-ನಾಲ್ಕು-ಎರಡು ಇರುವುದರಿಂದ ಎಲ್ಲಿ ಕುಳಿತರೂ ಒಬ್ಬರಿಗಿಂತ ಹೆಚ್ಚು ಜನರನ್ನು ದಾಟಬೇಕಿಲ್ಲ. ಇದು ಸಂಕೋಚದ ಮಾತು ಮಾತ್ರವಲ್ಲ, ಆರೋಗ್ಯದ್ದೂ ಹೌದು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಅಲ್ಲಾಡದೆ ಕುಳಿತರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಒಟ್ಟಾರೆ ಅಪಾಯ 6,000 ಜನರಲ್ಲಿ ಒಬ್ಬರಿಗೆ ಎಂಬಷ್ಟು ಚಿಕ್ಕದಾದರೂ, ವಯಸ್ಸಾದವರು ಗಂಟೆಗೆ ಒಮ್ಮೆಯಾದರೂ ಏಳಲೇಬೇಕು. ಹೊರಡುವ ವಾರ ದಿನಕ್ಕೊಮ್ಮೆ ಬುಕಿಂಗ್ ತೆರೆದು ವಿಮಾನದ ಮಾದರಿ ಮತ್ತು ಸೀಟಿನ ಸಂಖ್ಯೆ ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ, ಬದಲಾಗಿದ್ದರೆ ಅಂದೇ ಫೋನ್ ಮಾಡಿ. ಅವರಿಗೆ ನಡೆಯಲು ಬಂದರೂ ವೀಲ್‌ಚೇರ್ ಕೇಳಿ. ಸಾಮಾನ್ಯವಾಗಿ ಅದಕ್ಕೆ ಹಣವಿಲ್ಲ, ಜೊತೆಗೆ ಬರುವ ವ್ಯಕ್ತಿ ಗೇಟು ಹುಡುಕಿಕೊಡುತ್ತಾರೆ, ಸಾಲುಗಳಲ್ಲಿ ಮಾತಾಡಿಸಿ ಮುಂದೆ ಕರೆದೊಯ್ಯುತ್ತಾರೆ. ಸಾಧ್ಯವಾದರೆ ಜೊತೆ ಹುಡುಕಿ. ಕನ್ನಡ ಕೂಟಗಳ ವಾಟ್ಸಾಪ್ ಗುಂಪುಗಳಲ್ಲಿ ಇಂಥ ದಿನ ತಂದೆ ತಾಯಿ ಬರುತ್ತಿದ್ದಾರೆ, ಅದೇ ವಿಮಾನದಲ್ಲಿ ಯಾರಾದರೂ ಇದ್ದೀರಾ ಎಂದು ಕೇಳುವುದು ಇಲ್ಲಿ ರೂಢಿ, ಸಿಗುತ್ತಾರೆ ಕೂಡ. ನನ್ನ ಅಭಿಪ್ರಾಯದಲ್ಲಿ ನಿಮ್ಮ ತಾಯಿಯವರಿಗೆ, ಜೊತೆ ಸಿಕ್ಕರೆ ಯುರೋಪಿನ ದಾರಿ ಒಳ್ಳೆಯದು. ಒಬ್ಬರೇ ಬರುವುದಾದರೆ ಕೊಲ್ಲಿಯ ದಾರಿ, ಏಕೆಂದರೆ ಅಲ್ಲಿನ ನಿಲ್ದಾಣಗಳಲ್ಲಿ ದುಡಿಯುವ ಭಾರತೀಯರು ಬಹಳ, ಅವರಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ.

ಲಗೇಜಿನ ಬಗ್ಗೆ ಟಿಕೆಟ್ ಮೇಲೆ ಬರೆದಿರುವುದೇ ಅಂತಿಮ. ಅಮೆರಿಕಕ್ಕೆ 23 ಕಿಲೋದ ಎರಡು ಪೆಟ್ಟಿಗೆ ಎಂಬುದು ಹಳೆಯ ರೂಢಿ, ಅಗ್ಗದ ದರಗಳಲ್ಲಿ ಈಗ ಒಂದೇ ಇರಬಹುದು. ಹಲವು ಕಂಪನಿಗಳಲ್ಲಿ ವಿದ್ಯಾರ್ಥಿ ದರವಿದ್ದು ಅದರಲ್ಲಿ ಒಂದು ಪೆಟ್ಟಿಗೆ ಹೆಚ್ಚು ಕೊಡುತ್ತಾರೆ, ಅದನ್ನು ಮರೆಯದೆ ವಿಚಾರಿಸಿ. ಐ-20 (ವಿದ್ಯಾರ್ಥಿ ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಪತ್ರ) ಮತ್ತು ಇತರ ಕಾಗದಗಳು ಕೈಚೀಲದಲ್ಲಿರಲಿ. ಅಡುಗೆ ಸಾಮಾನಿನಲ್ಲಿ ಎರಡನ್ನು ಮಾತ್ರ ಕಡ್ಡಾಯವಾಗಿ ಬಿಟ್ಟುಬನ್ನಿ. ಒಂದು ಕೊಬ್ಬರಿ: ಎಣ್ಣೆಯ ಅಂಶದಿಂದಾಗಿ ಅದು ತಾನಾಗಿ ಬೆಂಕಿ ಹಿಡಿಯಬಲ್ಲ ವಸ್ತುಗಳ ಪಟ್ಟಿಯಲ್ಲಿದೆ, ತಪಾಸಣೆಯಲ್ಲಿ ತೆಗೆಸುತ್ತಾರೆ. ತಿಪಟೂರಿನವನಾಗಿ ಇದನ್ನು ಹೇಳಲು ನನಗೆ ಸಂಕಟ. ಇನ್ನೊಂದು ಗಸಗಸೆ. ನಮಗೆ ಅದು ಪಾಯಸದ ಸಾಮಾನು, ಯುಎಇಯಲ್ಲಿ ನಿಷೇಧಿತ ವಸ್ತು. ದುಬೈ ದಾಟುವುದಾದರೆ ಒಂದು ಚಮಚದಷ್ಟೂ ಪೆಟ್ಟಿಗೆಯಲ್ಲಿರಬಾರದು. ಅಮ್ಮ ಮಾಡಿಕೊಟ್ಟ ಪುಡಿಗಳಲ್ಲಿ ಸೇರಿದೆಯೇ ಎಂದು ಅವರನ್ನೇ ಕೇಳಿ.

ಕೊನೆಯದಾಗಿ ದಿನದ ವಿಷಯ. ಐ-20ರಲ್ಲಿರುವ ಆರಂಭದ ದಿನಾಂಕಕ್ಕಿಂತ 30 ದಿನ ಮೊದಲಷ್ಟೇ ಒಳಗೆ ಬಿಡುತ್ತಾರೆ, ಅದಕ್ಕಿಂತ ಮುಂಚಿನ ಟಿಕೆಟ್ ಬೇಡ. ಮಂಗಳವಾರ ಊರು ಬಿಡಬಾರದೆಂದು ಮನೆಯಲ್ಲಿ ಹೇಳುತ್ತಾರೆಂದು ಬಲ್ಲೆ. ಬೆಂಗಳೂರಿನಿಂದ ಅನೇಕ ವಿಮಾನಗಳು ಬೆಳಗಿನ ಜಾವ ಮೂರು ನಾಲ್ಕು ಗಂಟೆಗೆ ಹೊರಡುತ್ತವೆ; ಬುಧವಾರದ ನಾಲ್ಕು ಗಂಟೆಯ ವಿಮಾನವೆಂದರೆ ಟಿಕೆಟ್ ಮೇಲೆ ಬುಧವಾರ, ಪಂಚಾಂಗದಲ್ಲಿ ಸೂರ್ಯೋದಯದವರೆಗೆ ಮಂಗಳವಾರವೇ. ಹಿರಿಯರು ಇದನ್ನು ಕೊನೆಯ ಗಳಿಗೆಯಲ್ಲಿ ಗಮನಿಸಿ ಮನಸ್ಸು ಕೆಡಿಸಿಕೊಳ್ಳುವುದಕ್ಕಿಂತ ಟಿಕೆಟ್ ಕೊಳ್ಳುವ ಮೊದಲೇ ತೋರಿಸಿ ಒಪ್ಪಿಗೆ ಪಡೆಯಿರಿ. ಹಾಗೆಯೇ 13ರ ಬೆಳಗಿನ ನಾಲ್ಕು ಗಂಟೆಗೆ ವಿಮಾನವಿದ್ದರೆ ನೀವು ನಿಲ್ದಾಣದಲ್ಲಿರಬೇಕಾದದ್ದು 12ರ ರಾತ್ರಿ, ಚಿತ್ರದುರ್ಗ ಬಿಡಬೇಕಾದದ್ದು 12ರ ಮಧ್ಯಾಹ್ನ. ಟಿಕೆಟ್ ಆದ ಮೇಲೆ ಹಾರಾಟದ ಸಂಖ್ಯೆ ಮತ್ತು ದಿನಾಂಕ ಕಳುಹಿಸಿ, ನಿಲ್ದಾಣಕ್ಕೆ ನಾವೇ ಬರುತ್ತೇವೆ.