ಆಟದ ಮಾತು: ನಾಲ್ವರೂ ನೀವೇ ಆದರೆ ಕತೆ ಯಾರದ್ದು?

ಪ್ರಶ್ನೆ: ತುಮಕೂರಿನ ಹಾಸ್ಟೆಲಿನಲ್ಲಿ ನಾವು ನಾಲ್ವರು ಗೆಳೆಯರು ಸೇರಿ 'ಬಾಲ್ಡರ್ಸ್ ಗೇಟ್ 3' ಅನ್ನೋ ಕಂಪ್ಯೂಟರ್ ಆಟ ಆಡುತ್ತಿದ್ದೇವೆ. ಕತೆ ಅದ್ಭುತ ಅಂತ ಎಲ್ಲರೂ ಹೊಗಳುತ್ತಾರೆ. ನಮಗೆ ಹೊಡೆದಾಟ ಬಿಟ್ಟರೆ ಬೇರೇನೂ ಹಿಡಿಸಿಲ್ಲ. ಒಬ್ಬ ಮಾತಾಡುತ್ತಾನೆ, ಮೂವರು ಕಾಯುತ್ತೇವೆ. ಹೀಗೇಕೆ?
– ಓದುಗ, ಶಿರಾ

ಉತ್ತರ: ನೀವು ಏನು ಕಳೆದುಕೊಳ್ಳುತ್ತಿದ್ದೀರಿ ಅನ್ನೋದು ಗೊತ್ತಿರೋದರಿಂದ ನನಗೆ ನಿಜಕ್ಕೂ ಸಂಕಟವಾಯಿತು. ತಂಡದಲ್ಲಿ ಇರೋದೇ ನಾಲ್ಕು ಜಾಗ. ನಾಲ್ಕನ್ನೂ ನೀವೇ ತುಂಬಿಕೊಂಡರೆ ಕಾರ್ಲಾಕ್, ಆಸ್ಟೇರಿಯನ್, ಶ್ಯಾಡೋಹಾರ್ಟ್‌ರಂಥ, ಆಟವೇ ಕೊಡುವ ಜೊತೆಗಾರರೆಲ್ಲ ಬಿಡಾರದಲ್ಲೇ ಉಳಿಯುತ್ತಾರೆ. ಕತೆಯ ಜೀವ ಇರೋದು ಅವರಲ್ಲಿ. ಎದೆಯೊಳಗೆ ಉರಿಯುವ ಯಂತ್ರ ಹೊತ್ತು, ನರಕದಲ್ಲಿ ಹತ್ತು ವರ್ಷ ಕಾದಾಡಿ ಬಂದವಳು ಕಾರ್ಲಾಕ್. ದಾರಿಯುದ್ದಕ್ಕೂ ಅವಳು ಆಡುವ ಮಾತು ಕೇಳಬೇಕಾದರೆ ಅವಳನ್ನು ಜೊತೆಗೆ ಕರೆದೊಯ್ಯಬೇಕು. 2023ರ ಆಗಸ್ಟ್‌ನಲ್ಲಿ ಆಟ ಬಂದಾಗ ಅವಳ ಅಂತ್ಯ ಕಂಡು ಆಟಗಾರರು ಸುಮ್ಮನಿರಲಿಲ್ಲ. ಆಟ ತಯಾರಿಸಿದ ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ ಅದೇ ತಿಂಗಳ ಕೊನೆಗೆ ಆ ಅಂತ್ಯವನ್ನು ಬೆಳೆಸಿತು. ನವೆಂಬರ್‌ನಲ್ಲಿ ಎಲ್ಲರೂ ಮತ್ತೆ ಸೇರುವ ಉಪಸಂಹಾರವನ್ನೂ ಕೊಟ್ಟಿತು. ಜನ ಅಷ್ಟು ಹಚ್ಚಿಕೊಂಡದ್ದು ಹೊಡೆದಾಟವನ್ನಲ್ಲ, ಈ ಜೊತೆಗಾರರನ್ನು.

ನನ್ನ ಮಾತು ಕೇಳಿ, ಇಬ್ಬಿಬ್ಬರಾಗಿ ಆಡಿ. ಉಳಿದ ಗೆಳೆಯರ ಪಾತ್ರಗಳನ್ನು ಬಿಡಾರದಲ್ಲಿ ವಿದರ್ಸ್ ಅನ್ನೋ ಪಾತ್ರ ಕೊಡುವ ವಾರ್ಡ್‌ರೋಬ್‌ಗೆ ಕಳಿಸಬಹುದು, ಬೇಕಾದಾಗ ವಾಪಸ್ ಕರೆಯಬಹುದು. ನಾನೂ ತಂಗಿಯೂ ಆಡಿದ್ದು ಹಾಗೇ, ಎರಡು ಜಾಗ ಖಾಲಿ ಬಿಟ್ಟು. ಹಳೆಯ ಒಡೆಯ ಕಸಾಡೋರ್‌ನ ಅರಮನೆಯಲ್ಲಿ ಆಸ್ಟೇರಿಯನ್‌ಗೆ ಶಕ್ತಿ ತರುವ ಬಲಿಯ ವಿಧಿ ಮುಗಿಸಲು ಬಿಡಬೇಕೋ ತಡೆಯಬೇಕೋ ಅಂತ ನಮ್ಮಿಬ್ಬರಿಗೂ ಜಗಳ. ಇನ್ನೂರು ವರ್ಷ ಗುಲಾಮನಾಗಿದ್ದವನಿಗೆ ಆ ಶಕ್ತಿ ಸಿಗಲಿ ಅಂದಳು ತಂಗಿ. ಅದಕ್ಕಾಗಿ ಸಾಯುವ ಸಾವಿರಾರು ಜೀವ ಯಾರ ಲೆಕ್ಕಕ್ಕೆ ಅಂದೆ ನಾನು. ಮಾರನೆ ದಿನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗಲೂ ಅದೇ ವಾದ. ಇಂಥ ಜಗಳ ನಿಮ್ಮ ಹಾಸ್ಟೆಲಿನಲ್ಲೂ ಆಗಲಿ ಅಂತಲೇ ನನ್ನ ಆಸೆ.

ಮಾತು ನಡೆಯುವಾಗ ಉಳಿದವರು ಪೆಟ್ಟಿಗೆ ತಡಕಲು ಹೋಗಬೇಡಿ. ಸಂಭಾಷಣೆಗೆ ಸೇರಿಕೊಂಡು ನಿಮಗೆ ಸರಿ ಕಂಡ ಉತ್ತರ ಒತ್ತಿದರೆ ಅದರ ಪಕ್ಕ ನಿಮ್ಮ ಮುಖ ಮೂಡುತ್ತದೆ. ಕೊನೆಯ ತೀರ್ಮಾನ ಮಾತು ಶುರುಮಾಡಿದವನದ್ದೇ. ಹಾಗಾಗಿ ಸರದಿಯ ಮೇಲೆ ಮಾತಾಡಿ.

ಪ್ರಶ್ನೆ: ಮನೆಯಲ್ಲಿ ಒಂದೇ ಕಂಪ್ಯೂಟರ್. ನಾನೂ ತಮ್ಮನೂ ಒಟ್ಟಿಗೆ ಆಡಬಹುದೇ? ಅವನಿಗೆ ಇಂಗ್ಲಿಷ್ ಕಷ್ಟ.
– ಓದುಗಿ, ತಿಪಟೂರು

ಉತ್ತರ: ಖಂಡಿತ. ಪರದೆ ಎರಡು ಭಾಗವಾಗುತ್ತದೆ. ಎರಡು ಕಂಟ್ರೋಲರ್ ಬೇಕು, ಕಂಪ್ಯೂಟರಿನ ವೇಗದ ಡಿಸ್ಕಾದ ಎಸ್‌ಎಸ್‌ಡಿಯಲ್ಲಿ 150 ಜಿಬಿ ಜಾಗವೂ ಬೇಕು. ಕನ್ನಡ ಸಬ್‌ಟೈಟಲ್ ಇಲ್ಲ, ಇರಬೇಕಿತ್ತು. ಆದರೆ ಉತ್ತರ ಆರಿಸುವ ಹೊತ್ತಿಗೆ ಆಟ ನಿಮಗಾಗಿ ಕಾಯುತ್ತದೆ, ಹೊಡೆದಾಟವೂ ಸರದಿಯದ್ದೇ. ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳಿಕೊಡಿ. ಮಾತು ಫಲಿಸಿತೋ ಇಲ್ಲವೋ ತೀರ್ಮಾನಿಸುವ ಇಪ್ಪತ್ತು ಮುಖದ ದಾಳ ಉರುಳಿಸುವ ಕೆಲಸ ಅವನಿಗೇ ಬಿಡಿ. ಪಗಡೆ ಆಡಿದ ಕೈಗೆ ಅದು ಹೊಸದೇನಲ್ಲ.

ಪ್ರಶ್ನೆ: ಈ ಆಟದ ಮೂರನೇ ಅಂಕ ಸಪ್ಪೆ ಅನ್ನುತ್ತಾರೆ, ನಿಜವೇ?
– ಓದುಗ, ಕುಣಿಗಲ್

ಉತ್ತರ: ಸಪ್ಪೆಯಲ್ಲ, ಕಿಕ್ಕಿರಿದಿದೆ. ಬಿಡುಗಡೆಯ ಹೊತ್ತಿಗೆ ಆ ಅಂಕ ನಡೆಯುವ ನಗರದಲ್ಲಿ ಆಟ ತಡವರಿಸುತ್ತಿತ್ತು, ಅಪ್‌ಡೇಟ್‌ಗಳಿಂದ ಬಹಳ ಸುಧಾರಿಸಿದೆ. ಮುಖ್ಯ ಕತೆಯ ಬೆನ್ನು ಹತ್ತಿ ಓಡಬೇಡಿ. ಮೊದಲು ಜೊತೆಗಾರರ ಕೆಲಸಗಳನ್ನು ಮುಗಿಸಿಕೊಳ್ಳಿ.