ಸಾಲವಿಲ್ಲದ ಕಾರಣಕ್ಕೆ ಕೋವಿಡ್ ನೆರವು ಸಿಗಲಿಲ್ಲ. ಮುಂದೆ ಬೇಕಾದೀತೆಂದು ಈಗಲೇ ಬ್ಯಾಂಕ್ ಸಾಲ ಮಾಡಿಕೊಳ್ಳಬೇಕೇ?

ಮಾಡಿಕೊಳ್ಳಬೇಡಿ. ಬ್ಯಾಂಕಿನಲ್ಲಿ ಸಾಲವಿದ್ದವರಿಗೆಲ್ಲ 2020ರಲ್ಲಿ ಕರೆದು ಹಣ ಕೊಟ್ಟರು, ಸಾಲವನ್ನೇ ಮಾಡದೆ ಹೊಲಿಗೆ ಘಟಕ ನಡೆಸುತ್ತಿದ್ದ ತಮಗೆ ಏನೂ ಸಿಗಲಿಲ್ಲ, ಸಮವಸ್ತ್ರ ಹೊಲಿಸಿಕೊಂಡ ಗುತ್ತಿಗೆದಾರರ ಬಾಕಿಯೂ ಬಂದಿಲ್ಲ ಎಂದು ತಾವು ಬರೆದಿದ್ದೀರಿ. ಹಾಗೆ ಕರೆದು ಕೊಟ್ಟ ಹಣವನ್ನು ಪಡೆದವರಲ್ಲಿ ನಾನೂ ಒಬ್ಬ.

ದಾವಣಗೆರೆಯಲ್ಲಿ ನನ್ನದೊಂದು ಆಫ್‌ಸೆಟ್ ಮುದ್ರಣಾಲಯವಿದೆ. ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ ಎಲ್ಲವನ್ನೂ ಮುದ್ರಿಸುತ್ತೇವಾದರೂ ನಮ್ಮ ಹೊಟ್ಟೆ ತುಂಬಿಸುವುದು ಲಗ್ನಪತ್ರಿಕೆ. ಯುಗಾದಿಯಿಂದ ಮೇ ಕೊನೆಯವರೆಗಿನ ಮದುವೆಯ ಹಂಗಾಮಿನಲ್ಲಿ ದುಡಿದದ್ದರಲ್ಲಿಯೇ ಮಳೆಗಾಲದ ತಿಂಗಳುಗಳನ್ನು ದಾಟಬೇಕು. 2020ರಲ್ಲಿ ಯುಗಾದಿಯ ದಿನವಾದ ಮಾರ್ಚ್ 25ರಂದೇ ದೇಶಕ್ಕೆ ಬೀಗ ಬಿತ್ತು. ಮುದ್ರಿಸಿ ಕಟ್ಟಿಟ್ಟಿದ್ದ ಪತ್ರಿಕೆಗಳನ್ನು ಒಯ್ಯಲು ಯಾರೂ ಬರಲಿಲ್ಲ. ಮುಂದೆ ಮದುವೆಗೆ ಅನುಮತಿ ದೊರೆತಾಗಲೂ 50 ಜನರ ಮಿತಿಯಿತ್ತು. ಐವತ್ತು ಜನರನ್ನು ಕರೆಯುವ ಮನೆಯವರಿಗೆ ಪತ್ರಿಕೆ ಬೇಕಾಗುವುದಿಲ್ಲ. ಒಂದು ಫೋನ್ ಸಾಕು.

ಮೊದಲು ಬಂದದ್ದು ಕಂತಿನ ಮುಂದೂಡಿಕೆ. ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಘೋಷಿಸಿದ ಮೂರು ತಿಂಗಳ ಅವಧಿಯು ಆಮೇಲೆ ಆಗಸ್ಟ್ 31ರವರೆಗೆ ವಿಸ್ತರಣೆಯಾಯಿತು. ಯಂತ್ರದ ಸಾಲ ಮತ್ತು ದಿನನಿತ್ಯದ ವ್ಯವಹಾರಕ್ಕೆ ಬೇಕಾದಾಗ ಹಣ ತೆಗೆಯುವ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲಖಾತೆ ಸೇರಿ ಆಗ ನನಗೆ ಸುಮಾರು 30 ಲಕ್ಷ ರೂಪಾಯಿ ಬಾಕಿಯಿತ್ತು. ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲ. ಶೇಕಡ 11ರಂತೆ ಲೆಕ್ಕ ಹಾಕಿದರೆ ಆರು ತಿಂಗಳ ಬಡ್ಡಿಯೇ 1,65,000 ರೂಪಾಯಿ. ಎರಡು ಕೋಟಿಯವರೆಗಿನ ಸಾಲಗಳಿಗೆ ಚಕ್ರಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ ಎಂದು ಅಕ್ಟೋಬರಿನಲ್ಲಿ ತೀರ್ಮಾನವಾದಾಗ ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಇದೇ ಲೆಕ್ಕದಲ್ಲಿ ಅದು ಸುಮಾರು 3,800 ರೂಪಾಯಿ ಮಾತ್ರ. ಬಡ್ಡಿಯ ಮೇಲಿನ ಬಡ್ಡಿ ಹೋಯಿತೇ ಹೊರತು ಬಡ್ಡಿ ಹಾಗೆಯೇ ಉಳಿಯಿತು.

ಹಿಂದಿರುಗಿಸಬೇಕಿಲ್ಲದ ನೆರವೂ ಇತ್ತು, ಅದನ್ನು ಮರೆಮಾಚುವುದು ಸರಿಯಲ್ಲ. ರಾಜ್ಯ ಸರ್ಕಾರವು 2020ರ ಮೇ ತಿಂಗಳಿನಲ್ಲಿ ಪ್ರಕಟಿಸಿದ 1,610 ಕೋಟಿ ರೂಪಾಯಿಗಳ ಪ್ಯಾಕೇಜಿನಲ್ಲಿ ಕ್ಷೌರಿಕರಿಗೆ, ಅಗಸರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಇತ್ತು. ಸಣ್ಣ ಉದ್ಯಮಗಳಿಗೆ ವಿದ್ಯುತ್ ಬಿಲ್ಲಿನ ನಿಗದಿತ ಶುಲ್ಕವನ್ನು ಎರಡು ತಿಂಗಳ ಮಟ್ಟಿಗೆ ಮನ್ನಾ ಮಾಡುವ ಘೋಷಣೆಯೂ ಇತ್ತು. ಮೊತ್ತ ಸಣ್ಣದು, ಆದರೆ ನನ್ನ ದೃಷ್ಟಿಯಲ್ಲಿ ನೆರವು ಎಂಬ ಹೆಸರಿಗೆ ಯೋಗ್ಯವಾದದ್ದು ಅದೇ.

ತಾವು ಆಸೆಪಡುತ್ತಿರುವ ಕೇಂದ್ರ ಸರ್ಕಾರದ ತುರ್ತು ಸಾಲ ಖಾತರಿ ಯೋಜನೆ, ಅಂದರೆ ಇಸಿಎಲ್‌ಜಿಎಸ್, ಮೇ 13ರಂದು ಪ್ರಕಟವಾಯಿತು. 2020ರ ಫೆಬ್ರುವರಿ 29ರಂದು ಬ್ಯಾಂಕಿನಲ್ಲಿ ಎಷ್ಟು ಸಾಲ ಬಾಕಿಯಿತ್ತೋ ಅದರ ಶೇಕಡ 20ರಷ್ಟು ಹೊಸ ಸಾಲ, ನಾಲ್ಕು ವರ್ಷಗಳ ಅವಧಿ, ಮೊದಲ ವರ್ಷ ಬಡ್ಡಿ ಮಾತ್ರ, ಬ್ಯಾಂಕುಗಳಿಗೆ ಶೇಕಡ 9.25ರ ಬಡ್ಡಿ ಮಿತಿ, ಹೊಸ ಅಡಮಾನದ ಅಗತ್ಯವಿಲ್ಲ, ಸರ್ಕಾರದಿಂದ ನೂರಕ್ಕೆ ನೂರು ಖಾತರಿ. ಶಾಖೆಯಿಂದ ಫೋನ್ ಬಂದಿತು, ನಾನು ಹೋಗಿ ಸಹಿ ಹಾಕಿದೆ, ಜುಲೈನಲ್ಲಿ 6 ಲಕ್ಷ ರೂಪಾಯಿ ಖಾತೆಗೆ ಜಮೆಯಾಯಿತು.

ನನಗೆ ಪೆಟ್ಟು ಕೊಟ್ಟ ತಪ್ಪು ಇರುವುದು ಆ ಸಹಿಯಲ್ಲಿ. ಇದನ್ನು ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ಏಕೆಂದರೆ ತಮ್ಮ ಪ್ರಶ್ನೆಯಲ್ಲಿಯೂ ಅದೇ ತಪ್ಪು ತಿಳಿವಳಿಕೆ ಕಾಣುತ್ತಿದೆ. ಸರ್ಕಾರದ ಖಾತರಿ ಎಂಬುದನ್ನು ನಾನು ನನಗೆ ಕೊಟ್ಟ ಖಾತರಿ ಎಂದು ತಿಳಿದೆ. ಉದ್ಯಮ ನೆಲ ಕಚ್ಚಿದರೆ ಸರ್ಕಾರ ತುಂಬಿಕೊಡುತ್ತದೆ, ನಾನು ಬಿಡುಗಡೆ ಹೊಂದುತ್ತೇನೆ ಎಂದು ಭಾವಿಸಿದೆ. ಖಾತರಿ ಇದ್ದದ್ದು ಬ್ಯಾಂಕಿಗೆ. ಸಾಲಗಾರ ಕಟ್ಟದೆ ಹೋದರೆ ಸರ್ಕಾರಿ ಸ್ವಾಮ್ಯದ ನ್ಯಾಷನಲ್ ಕ್ರೆಡಿಟ್ ಗ್ಯಾರಂಟಿ ಟ್ರಸ್ಟೀ ಕಂಪನಿಯು ಬ್ಯಾಂಕಿನ ನಷ್ಟವನ್ನು ತುಂಬಿಕೊಡುತ್ತದೆ. ಸಾಲಗಾರನ ಹೊಣೆ ಅದರಿಂದ ಒಂದು ರೂಪಾಯಿಯಷ್ಟೂ ಕಡಿಮೆಯಾಗುವುದಿಲ್ಲ. ಬ್ಯಾಂಕು ವಸೂಲಾತಿಯನ್ನು ಮುಂದುವರಿಸಲೇಬೇಕು, ಸುಸ್ತಿಯ ದಾಖಲೆ ಸಿಬಿಲ್‌ನಲ್ಲಿ ಸಾಲಗಾರನ ಹೆಸರಿಗೇ ಸೇರುತ್ತದೆ.

ಇನ್ನೊಂದು ಮಾತು ಇದಕ್ಕಿಂತ ಹೆಚ್ಚು ದುಬಾರಿಯಾಯಿತು. ಹೊಸ ಅಡಮಾನವಿಲ್ಲ ಎಂಬುದನ್ನು ಅಡಮಾನವೇ ಇಲ್ಲ ಎಂದು ಓದಿಕೊಂಡೆ. ಯಂತ್ರದ ಸಾಲಕ್ಕಾಗಿ ಮನೆಯ ಪತ್ರಗಳನ್ನು ಮೊದಲೇ ಬ್ಯಾಂಕಿನಲ್ಲಿ ಇಟ್ಟಿದ್ದೆ. ಹೊಸ ಸಾಲಕ್ಕೆ ಬೇರೆ ಆಸ್ತಿಯನ್ನು ಕೇಳಲಿಲ್ಲ ನಿಜ, ಆದರೆ ಇದ್ದ ಆಸ್ತಿಯ ಮೇಲೆಯೇ ಈ ಸಾಲಕ್ಕೂ ಎರಡನೆಯ ಹಕ್ಕು ಬಿದ್ದಿತು. ನಾನು ಸಹಿ ಮಾಡಿದ ಕಾಗದದಲ್ಲಿ ಅದು ಬರೆದೇ ಇತ್ತು. ಹಳೆಯ ಮತ್ತು ಹೊಸ ಸಾಲ ಸೇರಿ 25 ಲಕ್ಷದೊಳಗೆ ಇದ್ದವರಿಗೆ ಈ ಷರತ್ತಿನಿಂದ ವಿನಾಯಿತಿ ಇತ್ತು, ನನ್ನದು ಆ ಮಿತಿಯನ್ನು ಮೀರಿತ್ತು. 2023ರಲ್ಲಿ ಯಂತ್ರದ ಸಾಲ ತೀರಿತು. ಮಗಳನ್ನು ಇಂಜಿನಿಯರಿಂಗ್‌ಗೆ ಸೇರಿಸುವ ಸಮಯ. ಮನೆಯ ಪತ್ರ ಬಿಡಿಸಿಕೊಂಡು ಅದರ ಮೇಲೆ ಕಡಿಮೆ ಬಡ್ಡಿಯ ಸಾಲ ಪಡೆಯಬಹುದೆಂದು ಹೋದರೆ, ತುರ್ತು ಸಾಲ ಮುಗಿಯುವವರೆಗೆ ಪತ್ರ ಕೊಡಲಾಗದು ಎಂದರು. ಕೊನೆಗೆ ಪರಿಚಯದವರಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ಕೈಸಾಲ ತಂದು ಶುಲ್ಕ ಕಟ್ಟಿದೆ. ವರ್ಷಕ್ಕೆ ಶೇಕಡ 24. ಸಹಿ ಮಾಡುವ ದಿನ ಒಂದು ಪ್ರಶ್ನೆ ಕೇಳಿದ್ದರೆ ನಾನು 6 ಲಕ್ಷದ ಬದಲು ಎರಡು ಲಕ್ಷವನ್ನಷ್ಟೇ ಪಡೆದು ಬೇಗ ತೀರಿಸಿಬಿಡುತ್ತಿದ್ದೆ.

ತೀರಿಸುವ ಚಿಂತೆ ಇಲ್ಲವೆಂಬ ಭಾವನೆಯಿಂದ ಹಣವನ್ನು ಬಳಸಿದ ರೀತಿಯೂ ಹಾಗೆಯೇ ಇತ್ತು. ಕಾಗದದ ವ್ಯಾಪಾರಿಯ ಹಳೆಯ ಉದ್ರಿ, ಮಳಿಗೆಯ ಬಾಡಿಗೆ, ಕೆಲಸಗಾರರ ನಿಂತುಹೋಗಿದ್ದ ಸಂಬಳ ಎಲ್ಲವನ್ನೂ ಮೊದಲ ಕೆಲವು ವಾರಗಳಲ್ಲಿಯೇ ತೀರಿಸಿದೆ. ಸಂಬಳ ಕೊಟ್ಟದ್ದಕ್ಕೆ ನನಗೆ ಇಂದಿಗೂ ವಿಷಾದವಿಲ್ಲ. ಆದರೆ ಶಾಲೆಗಳು ತೆರೆಯಲಿಲ್ಲ, ಜಾತ್ರೆಗಳು ನಡೆಯಲಿಲ್ಲ, 2021ರ ಏಪ್ರಿಲ್ ಕೊನೆಯಲ್ಲಿ ರಾಜ್ಯ ಮತ್ತೆ ಮುಚ್ಚಿದಾಗ ಎರಡನೆಯ ಮದುವೆ ಹಂಗಾಮೂ ಹೋಯಿತು. ಅದರ ಬೆನ್ನಿಗೇ ಅಸಲಿನ ಕಂತು ಆರಂಭ. 6 ಲಕ್ಷಕ್ಕೆ ಮಿತಿಯ ದರದಲ್ಲಿ 36 ಕಂತುಗಳೆಂದರೆ ತಿಂಗಳಿಗೆ ಸುಮಾರು 19,000 ರೂಪಾಯಿ, ಯಂತ್ರದ ಕಂತು ಬೇರೆ.

ನಮ್ಮ ಬೀದಿಯಲ್ಲಿಯೇ ಹಾರ್ಡ್‌ವೇರ್ ಅಂಗಡಿಯವರೊಬ್ಬರು ಇದೇ ಸಾಲ ಪಡೆದು ನಿಜವಾಗಿ ಬದುಕಿಕೊಂಡರು. ಮನೆ ಕಟ್ಟುವವರು ಎರಡು ತಿಂಗಳು ನಿಲ್ಲಿಸಿದರು, ಮತ್ತೆ ಬಂದು ಅದೇ ಸಿಮೆಂಟ್, ಅದೇ ಕಬ್ಬಿಣ ಕೊಂಡರು. ಅವರ ಆದಾಯ ತಡವಾಗಿತ್ತು, ನನ್ನದು ಕಳೆದೇ ಹೋಗಿತ್ತು. ಪತ್ರಿಕೆಯಿಲ್ಲದೆ ಮುಗಿದ ಮದುವೆಗೆ ಮುಂದಿನ ವರ್ಷ ಯಾರೂ ಪತ್ರಿಕೆ ಹಾಕಿಸುವುದಿಲ್ಲ. ತಡವಾದ ಆದಾಯಕ್ಕೆ ಸಾಲ ಮದ್ದು. ಕಳೆದುಹೋದ ಆದಾಯಕ್ಕೆ ಬೇಕಾದದ್ದು ಅನುದಾನ. ಅಮೆರಿಕದಲ್ಲಿ ಅದೇ ವರ್ಷ ಸಣ್ಣ ಉದ್ಯಮಗಳಿಗೆ ಕೊಟ್ಟ ಸಾಲವನ್ನು, ಹಣದ ಬಹುಪಾಲು ನೌಕರರ ಸಂಬಳಕ್ಕೆ ಹೋಗಿದ್ದರೆ, ಮನ್ನಾ ಮಾಡುವ ವ್ಯವಸ್ಥೆಯಿತ್ತು. ನಮ್ಮಲ್ಲಿಯೂ ಅಂಥದ್ದನ್ನು ಕೇಳಬೇಕಿತ್ತು, ನಾವು ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಆದ್ದರಿಂದ ಅರ್ಹತೆಗಾಗಿ ಸಾಲ ಎಂಬ ತಮ್ಮ ಆಲೋಚನೆಯನ್ನೇ ನಾನು ಒಪ್ಪುವುದಿಲ್ಲ. ಆ ಯೋಜನೆ 2023ರ ಮಾರ್ಚ್ 31ಕ್ಕೆ ಮುಗಿದಿದೆ. ಮುಂದೆ ಬರುವ ಯೋಜನೆಯ ನಿಯಮ ಯಾವುದೆಂದು ತಿಳಿಯದೆ ಇಂದಿನಿಂದಲೇ ಬಡ್ಡಿ ಕಟ್ಟುತ್ತಾ ಕೂರುವುದು ಶುದ್ಧ ನಷ್ಟ. ಅದಕ್ಕೆ ಬದಲಾಗಿ, ಇನ್ನೂ ಮಾಡಿಸಿಲ್ಲವಾದರೆ ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಮಾಡಿಸಿ. ಅದಕ್ಕೆ ಶುಲ್ಕವಿಲ್ಲ, ಮಧ್ಯವರ್ತಿಯ ಅಗತ್ಯವೂ ಇಲ್ಲ. ನೋಂದಣಿ ಸಂಖ್ಯೆಯನ್ನು ಪ್ರತಿಯೊಂದು ಬಿಲ್ಲಿನ ಮೇಲೆ ಮುದ್ರಿಸಿ, ಹೊಸ ಕೆಲಸ ಒಪ್ಪಿಕೊಳ್ಳುವ ಮೊದಲು ಹಣ ಕೊಡುವ ದಿನವನ್ನು ಬರವಣಿಗೆಯಲ್ಲಿ ಪಡೆಯಿರಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯಂತೆ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಹೆಚ್ಚೆಂದರೆ 45 ದಿನಗಳಲ್ಲಿ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ, ಇದಕ್ಕಾಗಿಯೇ ಇರುವ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಸಲ್ಲಿಸಬಹುದು. 2023-24ರ ಆರ್ಥಿಕ ವರ್ಷದಿಂದ ಇನ್ನೊಂದು ಬಿಗಿಯೂ ಬಂದಿದೆ: ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು, ಅದನ್ನು ನಿಜವಾಗಿ ಪಾವತಿಸುವವರೆಗೆ, ಕೊಳ್ಳುವವರು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ತಮ್ಮ ಸಮವಸ್ತ್ರದ ಗುತ್ತಿಗೆದಾರರಿಗೆ ಮುಂದಿನ ಬಿಲ್ ಕೊಡುವಾಗ ಈ ಮಾತನ್ನು ಅವರ ಲೆಕ್ಕಪರಿಶೋಧಕರ ಕಿವಿಗೂ ಹಾಕಿ.