ಮ್ಯಾರಥಾನ್ ಓಡಿ ಮಕ್ಕಳ ಓದಿಗೆ ದುಡ್ಡು ಕೂಡಿಸೋದು ನಮ್ಮ ಕಡೆ ನಡೆಯುತ್ತಾ?

ನಿಮ್ಮ ಪ್ರಶ್ನೆ ಇಷ್ಟು: ನೀವು ವಿಜಯಪುರದವರು. ಮೊದಲ ಸಲ ಫುಲ್ ಮ್ಯಾರಥಾನ್ ಓಡಬೇಕು ಅಂತಿದ್ದೀರಿ. ಆ ನೆಪದಲ್ಲಿ ಹಳ್ಳಿ ಹುಡುಗರಿಗೆ ಓದಿಸುವ ಸಂಸ್ಥೆಯೊಂದಕ್ಕೆ ದುಡ್ಡು ಕೂಡಿಸಬೇಕು. ‘ನಾನು ಓಡಿದರೆ ಜನ ಯಾಕೆ ಕೊಡಬೇಕು? ಇದೆಲ್ಲ ಬೆಂಗಳೂರು, ಮುಂಬೈನವರ ಆಟ ಅಲ್ವಾ?’ ಅಂತ ಕೇಳಿದ್ದೀರಿ.

ನಡೆಯುತ್ತೆ. ನಾನು ಇದೇ ಊರಿನವನು, ಪತ್ತಿನ ಸಹಕಾರಿ ಸಂಘವೊಂದರಲ್ಲಿ ಕ್ಯಾಶಿಯರ್. 2024ರ ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಓಡಿದೆ. 42.195 ಕಿ.ಮೀ.ಗೆ 5 ಗಂಟೆ 41 ನಿಮಿಷ ತಗೊಂಡೆ, ಅಂದರೆ ಓಟಕ್ಕಿಂತ ಸ್ವಲ್ಪ ಕಡಿಮೆ, ನಡಿಗೆಗಿಂತ ಸ್ವಲ್ಪ ಜಾಸ್ತಿ. ಕೂಡಿದ್ದು 87,214 ರೂಪಾಯಿ. ಕೊಟ್ಟವರು 112 ಜನ. ಗುರಿ ಒಂದು ಲಕ್ಷ ಇತ್ತು, ಮುಟ್ಟಲಿಲ್ಲ.

ನಿಮ್ಮ ‘ಯಾಕೆ ಕೊಡಬೇಕು’ ಅನ್ನೋದಕ್ಕೆ ಮೊದಲು ಉತ್ತರ ಹೇಳ್ತೀನಿ. ನೀವು ಓಡ್ತೀರಿ ಅಂತ ಯಾರೂ ಕೊಡಲ್ಲ. ನೀವು ಎದುರಿಗೆ ನಿಂತು ಕೇಳಿದಿರಿ ಅಂತ ಕೊಡ್ತಾರೆ. ನನ್ನಂಥ ಸಂಕೋಚದ ಮನುಷ್ಯನಿಗೆ ಬಾಯಿ ಬಿಟ್ಟು ಕೇಳೋಕೆ ಒಂದು ನೆವ ಬೇಕಿತ್ತು, ಓಟ ಆ ನೆವ ಕೊಟ್ಟಿತು. ನಮ್ಮಪ್ಪ ಇದನ್ನ ಮೊದಲ ದಿನವೇ ಹೇಳಿದ್ದರು: ‘ಪಟ್ಟಿ ಎತ್ತಾಕ ಮುಂಬೈ ತನಕ ಹೋಗಿ ಓಡಬೇಕೇನೋ? ಇಲ್ಲೇ ಗಲ್ಲಿಯೊಳಗ ತಿರುಗಿದ್ರ ಆಗ್ತಿತ್ತಲ್ಲ.’

ಪಟ್ಟಿ, ಅಂದರೆ ಚಂದಾ, ಅಂದದ್ದು ಸರಿಯಾಗೇ ಇತ್ತು. ಗಣಪತಿಗೆ, ಜಾತ್ರೆಗೆ, ಗುಡಿ ಕಳಸಕ್ಕೆ ನಾವು ಎಷ್ಟು ವರ್ಷದಿಂದ ಪಟ್ಟಿ ಎತ್ತಿಲ್ಲ? ಫಂಡ್ ರೇಸಿಂಗ್ ಅಂತ ಇಂಟರ್‌ನೆಟ್‌ನಲ್ಲಿ ಹುಡುಕಿ ನಾನು ಓದಿದ್ದಕ್ಕಿಂತ, ನಮ್ಮ ಓಣಿಯ ಗಣಪತಿ ಮಂಡಳಿಯ ಹಿರಿಯರೊಬ್ಬರು ಚಹಾ ಕುಡೀತಾ ಹೇಳಿದ್ದೇ ಕೆಲಸಕ್ಕೆ ಬಂತು. ‘ವಹಿಯೊಳಗ ಮೊದಲನೇ ಹೆಸರು ನೋಡಿ ಮಂದಿ ಬರೀತಾರ. ಮೊದಲನೆಯವ 101 ಬರದ್ರ ಎಲ್ಲಾರೂ 101. ಅದಕ್ಕ ಮೊದಲು ದೊಡ್ಡ ಕುಳದ ಕಡೆ ಹೋಗು.’ ನಾನು ಎಪಿಎಂಸಿಯಲ್ಲಿ ಪರಿಚಯದ ದಲಾಲಿ ಅಂಗಡಿ ಕಾಕಾನ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ, 5,001 ಅಂತ ಬರೆದು, ಸಹಿ ಮಾಡಿ, ಆಮೇಲೆ ಕೇಳಿದರು: ‘ಏನಕ್ಕಿದು?’

ಅಲ್ಲಿ ನಾನು ತಡವರಿಸಿದೆ. ನೀವು ತಡವರಿಸಬಾರದು ಅಂತಲೇ ಇಷ್ಟು ಬರೀತಿದ್ದೀನಿ.

ನಾನು ಓಡಿದ್ದು ತಾಂಡಾವೊಂದರಲ್ಲಿ ಸಂಜೆ ಪಾಠ ನಡೆಸುವ ಸಣ್ಣ ಸಂಸ್ಥೆಗಾಗಿ. ದೀಪಾವಳಿ ಹೊತ್ತಿಗೆ ಅಪ್ಪ ಅವ್ವ ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ ಗುಳೆ ಹೋಗ್ತಾರೆ, ಯುಗಾದಿ ಹೊತ್ತಿಗೆ ವಾಪಸ್. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೋದೂ ಸರಿಯಾಗಿ ಅದೇ ಹೊತ್ತಲ್ಲಿ. ಹುಡುಗರು ಅಜ್ಜಿ ಜೊತೆ ಉಳೀತಾರೆ, ಇಲ್ಲವಾದರೆ ತಾವೂ ಟ್ರ್ಯಾಕ್ಟರ್ ಹತ್ತುತ್ತಾರೆ. 2023 ಬರಗಾಲ ಬೇರೆ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಉಳಿದುಕೊಂಡ ಹತ್ತನೇ ಕ್ಲಾಸಿನ 26 ಹುಡುಗ ಹುಡುಗಿಯರಿಗೆ ಇಬ್ಬರು ಮೇಷ್ಟ್ರು ಸಂಜೆ ಆರೂವರೆಯಿಂದ ಒಂಬತ್ತರ ತನಕ ಗಣಿತ, ವಿಜ್ಞಾನ, ಇಂಗ್ಲಿಷ್ ಹೇಳಿಕೊಡ್ತಿದ್ದರು.

ಇದನ್ನೆಲ್ಲ ಬಿಟ್ಟು ನಾನು ವಾಟ್ಸ್ಯಾಪ್‌ನಲ್ಲಿ ಎಲ್ಲಿಂದಲೋ ಕದ್ದ ಮೆಸೇಜ್ ಹಾಕಿದ್ದೆ. ‘ನಿಮ್ಮ 500 ರೂಪಾಯಿಯಿಂದ ಬಡ ಬಾಲಕಿಯ ಬಸ್ ಪಾಸ್’ ಅಂತ. ಅರ್ಧ ಗಂಟೆಯಲ್ಲಿ ನಮ್ಮ ಮಾಮಾನ ಮಗಳು ಗ್ರೂಪಿನಲ್ಲೇ ಕೇಳಿದಳು: ‘ಅಣ್ಣಾ, ಶಕ್ತಿ ಯೋಜನೆ ಬಂದು ಆರು ತಿಂಗಳಾತು. ಹುಡುಗ್ಯಾರಿಗೆ ಬಸ್ ಪುಕ್ಕಟ್ಟೆ ಐತಿ. ಯಾವ ಪಾಸ್ ಕೊಡಸ್ತಿ?’ ಜೂನ್ 2023ರಿಂದ ನಾಡಿನ ಹೆಣ್ಣುಮಕ್ಕಳೆಲ್ಲ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಡದೆ ಓಡಾಡ್ತಿದ್ದಾರೆ, ನನ್ನ ಹೆಂಡತಿಯೂ ಸೇರಿ. ನನಗೆ ಹೊಳೆದಿರಲಿಲ್ಲ. ಮೆಸೇಜ್ ಅಳಿಸಿದೆ. ನಾಚಿಕೆ ಅಳಿಸೋಕೆ ಆಗಲಿಲ್ಲ.

ಆಮೇಲೆ ಸಂಸ್ಥೆಯವರ ಜೊತೆ ಕೂತು ಲೆಕ್ಕ ಹಾಕಿದೆ, ಅದು ನನಗೆ ಬರುವ ಕೆಲಸ. ಮೇಷ್ಟ್ರಿಗೆ ತಿಂಗಳಿಗೆ ತಲಾ 6,000, ಇಬ್ಬರಿಗೆ 12,000. ತಿಂಗಳಿಗೆ 25 ಸಂಜೆ. ಸಂಜೆಗೆ 480 ಆಯ್ತು. ಮೇಲೆ ಸೀಮೆಸುಣ್ಣ, ಬ್ಯಾಟರಿ ಲೈಟು. 500 ಅಂತಿಟ್ಟುಕೊಂಡೆ. ನಮ್ಮಲ್ಲಿ ಸೊನ್ನೆಗೆ ನಿಲ್ಲಿಸಿ ಯಾರೂ ಕೊಡಲ್ಲ, ಒಂದು ರೂಪಾಯಿ ಸೇರಿಸಲೇಬೇಕು. ಹೀಗಾಗಿ ‘501 ಕೊಟ್ಟರೆ ಒಂದು ಸಂಜೆಯ ಶಾಲೆ ನಿಮ್ಮದು’ ಅಂತ ಬರೆದೆ. ಯಾವ ತಾರೀಕು ಬೇಕು ಅಂತಲೂ ಕೇಳಿದೆ. ಇದು ಹಿಡಿಯಿತು ನೋಡಿ! ಮಗಳ ಹುಟ್ಟುಹಬ್ಬದ ಸಂಜೆ, ಅವ್ವನ ಪುಣ್ಯತಿಥಿಯ ಸಂಜೆ, ಮದುವೆಯಾದ ದಿನ. ನಮ್ಮ ಸಂಘದ ಎದುರಿನ ಇಸ್ತ್ರಿ ಅಂಗಡಿಯವ ‘ನಾ ಹತ್ತನೇತ್ತಾ ಫೇಲಾದ ದಿನ ಬರಕೋರಿ’ ಅಂದ. ತಾರೀಕು ನೆನಪಿರಲಿಲ್ಲ, ಮೇ ತಿಂಗಳು ಇರಬೇಕು ಅಂದ. ಮೇನಲ್ಲಿ ಪಾಠ ಇರಲ್ಲ. ಡಿಸೆಂಬರಿನ ಒಂದು ದಿನ ಕೊಟ್ಟೆ.

ಮುಖಾಮುಖಿ ಕೇಳಿದ ಹತ್ತರಲ್ಲಿ ಏಳು ಜನ ಕೊಟ್ಟರು. ಸ್ಟೇಟಸ್ ನೋಡಿ ತಾವಾಗೇ ಕೊಟ್ಟವರು ಒಟ್ಟು ಒಂಬತ್ತೇ ಜನ. ಜಾತ್ರೆಯಲ್ಲಿ ಮಾತ್ರ ಕೇಳೋಕೆ ಹೋಗಬೇಡಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ನಾನೂ ನನ್ನ ಗೆಳೆಯನೂ ಒಂದು ಸಂಜೆ ಪೂರ್ತಿ ನಿಂತು ಎಬ್ಬಿಸಿದ್ದು 340 ರೂಪಾಯಿ, ತಿಂದಿದ್ದು ಅದಕ್ಕಿಂತ ಜಾಸ್ತಿ.

ದುಡ್ಡಿನ ವಿಷಯದಲ್ಲಿ ಕೆಲವು ಮಾತು, ಕ್ಯಾಶಿಯರ್ ಆಗಿ. ನನ್ನನ್ನ ಜಾಸ್ತಿ ಜನ ಕೇಳಿದ್ದು ‘ನಿನ್ನ ಮುಂಬೈ ಟಿಕೆಟ್ಟೂ ಇದರಾಗ ಬಂತೇನು?’ ಅಂತ. ಎಂಟ್ರಿ ಫೀ, ರೈಲು, ಬೂಟು ಎಲ್ಲ ನನ್ನ ಕೈಯಿಂದ ಅಂತ ವಹಿಯ ಮೊದಲ ಪುಟದಲ್ಲೇ ಬರೆದಿಟ್ಟೆ. ಯುಪಿಐ ಆದರೆ ಸಂಸ್ಥೆಯ ಕ್ಯೂಆರ್ ಕೋಡ್ ತೋರಿಸಿ, ನಿಮ್ಮ ನಂಬರ್ ಕೊಡಲೇಬೇಡಿ. ಆನ್‌ಲೈನ್ ಸೈಟಿನಲ್ಲಿ ಪೇಜ್ ಮಾಡೋದಾದರೆ ಅವರು ಎಷ್ಟು ಮುರಿದುಕೊಳ್ತಾರೆ ಅಂತ ಮೊದಲೇ ನೋಡಿ. ಸಂಸ್ಥೆಗೆ ದೇಣಿಗೆಯ ತೆರಿಗೆ ರಿಯಾಯಿತಿ ನೋಂದಣಿ (2024ರಲ್ಲಿ ಅದಕ್ಕೆ 80ಜಿ ಅಂತಿದ್ದರು) ಇದ್ದರೆ ಕೊಟ್ಟವರಿಗೆ ತೆರಿಗೆಯಲ್ಲಿ ಅನುಕೂಲ ಆಗಬಹುದು. ನಾನು ದುಡ್ಡು ಎತ್ತಿದಾಗ ಅದು ಹಳೆ ತೆರಿಗೆ ಪದ್ಧತಿಯವರಿಗೆ ಮಾತ್ರ ಸಿಗ್ತಿತ್ತು, 2,000 ದಾಟಿದ ನಗದಿಗೆ ಸಿಗ್ತಿರಲಿಲ್ಲ. ದಲಾಲಿ ಕಾಕಾ 5,001 ನಗದು ಎಣಿಸಿ ಕೊಡೋಕೆ ಹೊರಟಾಗ ನಾನೇ ತಡೆದು ಚೆಕ್ ಬರೆಸಿದೆ. ವರ್ಷ ಮುಗಿದ ಮೇಲೆ ಸಂಸ್ಥೆಯವರು ದೇಣಿಗೆಯ ಸರ್ಟಿಫಿಕೇಟ್ ಕೊಡಬೇಕು, ಆಗ ಅದರ ಹೆಸರು 10ಬಿಇ ಅಂತಿತ್ತು. ಅದಕ್ಕೆ ಪ್ಯಾನ್ ನಂಬರ್ ಆಗಲೇ ಬರೆದುಕೊಳ್ಳಿ, ಆಮೇಲೆ ಅಲೆಯೋದು ಬೇಡ.

ಇನ್ನೊಂದು ಸಿಕ್ಕು. ಅಮೆರಿಕದಲ್ಲಿರುವ ನನ್ನ ಕ್ಲಾಸ್‌ಮೇಟ್ 200 ಡಾಲರ್ ಕಳಿಸ್ತೀನಿ ಅಂದ. ಅವನು ಅಲ್ಲಿನ ಪೌರತ್ವ ತಗೊಂಡವನು. ಅಂಥವರ ದುಡ್ಡು ವಿದೇಶಿ ದೇಣಿಗೆ ಆಗುತ್ತೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದ ಸಂಸ್ಥೆ ಮುಟ್ಟೋ ಹಾಗಿಲ್ಲ. ಬೇಡ ಅನ್ನಬೇಕಾಯ್ತು. ದುಬೈನಲ್ಲಿ ಕೆಲಸಕ್ಕಿರುವ ಗೆಳೆಯ ಕೊಟ್ಟಿದ್ದು ತಗೊಂಡೆವು, ಅವನ ಪಾಸ್‌ಪೋರ್ಟ್ ಇನ್ನೂ ಭಾರತದ್ದೇ.

ಸರಿ, ಓಟ. ಕೇಳಿದ್ದು ನೀವು ದುಡ್ಡಿನ ಬಗ್ಗೆ ಆದರೂ ಓಡಬೇಕಾದವರು ನೀವೇ. ನೇರ ಫುಲ್‌ಗೆ ಧುಮುಕಬೇಡಿ. ನಮ್ಮೂರಲ್ಲೇ ವೃಕ್ಷೋಥಾನ್ ಹೆರಿಟೇಜ್ ರನ್ ನಡೆಯುತ್ತೆ, ಅದರಲ್ಲಿ 21 ಕಿ.ಮೀ. ಇದೆ, ಮೊದಲು ಅದನ್ನ ಓಡಿ. ಆಮೇಲೆ ಐದು ತಿಂಗಳು ಇಟ್ಟುಕೊಳ್ಳಿ. ವಾರಕ್ಕೆ ನಾಲ್ಕು ದಿನ ಸಾಕು, ಅದರಲ್ಲಿ ಭಾನುವಾರ ಉದ್ದದ ಓಟ. ಸ್ವಲ್ಪ ಸ್ವಲ್ಪವೇ ಏರಿಸಿ 30–32 ಕಿ.ಮೀ. ತನಕ ಹೋಗಿ, ಕೊನೆಯ ಮೂರು ವಾರ ಇಳಿಸಿ.

ಬೇಸಿಗೆಯಲ್ಲಿ ಶುರು ಮಾಡೋ ಹುಚ್ಚು ಬೇಡ. ಆಗಸ್ಟ್‌ನಿಂದ ಹಿಡಿದರೆ ಜನವರಿಗೆ ಸರಿಹೋಗುತ್ತೆ. ನಾನು ಬೆಳಿಗ್ಗೆ ಐದಕ್ಕೆ ಗೋಳಗುಮ್ಮಟದ ಮುಂದಿನಿಂದ ಹೊರಟು ಊರು ದಾಟಿ ಇಬ್ರಾಹಿಂ ರೋಜಾ ತನಕ, ಭಾನುವಾರ ಆದರೆ ತೊರವಿ ಕಡೆ. ಬೇಜಾರಾದಾಗ ಭೂತನಾಳ ಕೆರೆ. ಆ ವರ್ಷ ಮಳೆ ಇರಲಿಲ್ಲ, ಎರೆ ಮಣ್ಣು ಬೂಟಿಗೆ ಮೆತ್ತಿಕೊಳ್ಳುವ ತಾಪತ್ರಯವೂ ಇರಲಿಲ್ಲ. ಖುಷಿ ಪಡೋ ವಿಷಯ ಅಲ್ಲ. ನಾಯಿಗಳಿಗೆ ಹೆದರಿ ಓಡಬೇಡಿ, ನಿಂತುಬಿಡಿ, ಹೆಚ್ಚಾಗಿ ಅವೂ ನಿಲ್ಲುತ್ತವೆ. ನಾಯಿಗಿಂತ ಭಯ ಕಬ್ಬಿನ ಟ್ರ್ಯಾಕ್ಟರು. ಎರಡು ಟ್ರೇಲರ್ ಸಿಗಿಸಿಕೊಂಡು, ಹಾಡು ಜೋರಾಗಿ ಹಾಕಿಕೊಂಡು ಬರ್ತಾವೆ. ಹಿಂದೆ ಕೆಂಪು ದೀಪ ಇರಲ್ಲ, ಕಬ್ಬು ರಸ್ತೆ ತನಕ ಜೋತಾಡ್ತಿರುತ್ತೆ. ಎದುರು ಬರುವ ಗಾಡಿ ಕಾಣುವ ಹಾಗೆ ಬಲಗಡೆ ಅಂಚಿನಲ್ಲಿ ಓಡಿ, ಹೊಳೆಯೋ ಪಟ್ಟಿಯ ಜಾಕೆಟ್ ಹಾಕಿ.

ದಾರಿಯಲ್ಲಿ ತಿನ್ನೋಕೆ ಜೆಲ್ ಅಂತ ದುಬಾರಿ ಪ್ಯಾಕೆಟ್ ಸಿಗುತ್ತೆ. ನಾನು ತಿಕೋಟಾ ಕಡೆಯ ಒಣದ್ರಾಕ್ಷಿ ತಿಂದೆ. ಅದೂ ಸಕ್ಕರೆ, ಇದೂ ಸಕ್ಕರೆ. ಒಂದೇ ತೊಂದರೆ, ಬೆವರಿಗೆ ಒದ್ದೆಯಾಗಿ ಜೇಬಿನಲ್ಲಿ ಗಟ್ಟಿ ಉಂಡೆ ಆಗುತ್ತೆ. ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಒಂದೊಂದು ಮುಷ್ಟಿ ಕಟ್ಟಿಕೊಳ್ಳಿ. ಇಂಡಿ ಲಿಂಬೆ, ಉಪ್ಪು, ಸಕ್ಕರೆಯ ಶರಬತ್ತು ಮನೆಯಲ್ಲೇ ರೂಢಿ ಮಾಡಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯಬೇಡಿ, ರಕ್ತದಲ್ಲಿ ಉಪ್ಪಿನಂಶ ಇಳಿದರೆ ಅದೇ ದೊಡ್ಡ ಅಪಾಯ. ತೊಡೆ ಸಂದಿಗೆ, ಮೊಲೆತೊಟ್ಟಿಗೆ ವ್ಯಾಸಲೀನ್ ಹಚ್ಚಿ. ಇದನ್ನ ಯಾರೂ ಮೊದಲೇ ಹೇಳಲ್ಲ, ಸ್ನಾನಕ್ಕೆ ನಿಂತಾಗಲೇ ಗೊತ್ತಾಗೋದು. ಓಟದ ಹಿಂದಿನ ದಿನಗಳಲ್ಲಿ ಅನ್ನ, ರೊಟ್ಟಿ ಜಾಸ್ತಿ ತಿನ್ನಬೇಕು ಅಂತಾರೆ. ನನ್ನ ಓಟ ಸಂಕ್ರಾಂತಿಯ ಮುಂದಿನ ಭಾನುವಾರ ಇತ್ತು. ಮನೆಯಲ್ಲಿ ಶೇಂಗಾ ಹೋಳಿಗೆ ಮಾಡಿದ್ದರು. ವಿವರಿಸಬೇಕಿಲ್ಲ.

ಮುಂಬೈ ರೈಲು ನಮ್ಮೂರಿಂದ ಹತ್ತಿದರೆ ಸಿಎಸ್‌ಎಂಟಿ ನಿಲ್ದಾಣಕ್ಕೇ ಇಳಿಸುತ್ತೆ, ಓಟ ಶುರುವಾಗೋದೂ ಅಲ್ಲೇ. ಬಿಬ್ (ಎದೆಗೆ ಸಿಗಿಸಿಕೊಳ್ಳುವ ನಂಬರ್ ಚೀಟಿ) ಮಾತ್ರ ಮೊದಲೇ ಹೋಗಿ ತಗೋಬೇಕು, ಓಟದ ದಿನ ಕೊಡಲ್ಲ. ನಸುಕಿನಲ್ಲಿ ಬಿಟ್ಟರು. ಸೀ ಲಿಂಕ್ ಅನ್ನೋ ಸಮುದ್ರದ ಸೇತುವೆ ಮೇಲೆ ಜನ ಇರಲ್ಲ, ಬರೀ ಗಾಳಿ ಮತ್ತು ಸಾವಿರಾರು ಬೂಟಿನ ಸದ್ದು. ಚೆನ್ನಾಗಿತ್ತು. ಮೂವತ್ತು ದಾಟಿದ ಮೇಲೆ ಮೈಯಲ್ಲಿದ್ದ ಸಕ್ಕರೆ ಖಾಲಿ. ವಾಪಸ್ ಬರುವಾಗ ಪೆಡ್ಡರ್ ರೋಡಿನ ಏರು. ನನ್ನ ಎಡ ಮೀನಖಂಡ ಕಲ್ಲಾಯಿತು, ಫುಟ್‌ಪಾತ್ ಹಿಡಿದು ಕೂತೆ. ಯಾರೋ ಮರಾಠಿ ಅಜ್ಜಿ ಕಿತ್ತಳೆ ತೊಳೆ ಕೈಗಿಟ್ಟು ‘ಚಲಾ, ಚಲಾ’ ಅಂದರು. ಆಗ ಮಕ್ಕಳ ಭವಿಷ್ಯ ನೆನಪಾಗಿ ಎದ್ದೆ ಅಂತ ಬರೆದರೆ ಚೆಂದ. ನಿಜವಾಗಿ ನೆನಪಾದದ್ದು ವಹಿ. 112 ಜನಕ್ಕೆ ‘ಅರ್ಧಕ್ಕೇ ಬಂದೆ’ ಅಂತ ಹೇಳೋದು ಯಾರಪ್ಪಾ ಅಂತ. ಎದ್ದು ನಡೆದೆ. ಬಲಗಾಲಿನ ಎರಡು ಉಗುರು ಕಪ್ಪಾಗಿ, ತಿಂಗಳ ಮೇಲೆ ಬಿದ್ದವು.

ವಾಪಸ್ ಬಂದು ಎಲ್ಲರಿಗೂ ಮೆಡಲ್ ತೋರಿಸಿ ಸುಮ್ನಾಗಬೇಡಿ. ಪರೀಕ್ಷೆ ಆದ ಮೇಲೆ ಇನ್ನೊಂದು ಸುತ್ತು ಹೋಗಿ. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಹಾಕಿದ್ದು ನಿಮಗೆ ನೆನಪಿರಬಹುದು, ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು. ನಮ್ಮ 26ರಲ್ಲಿ ಮೊದಲ ಸಲಕ್ಕೆ ಪಾಸಾದವರು 17. ಜೂನಿನ ಪರೀಕ್ಷೆ–2ರಲ್ಲಿ ಇನ್ನೂ ನಾಲ್ವರು. ಬರೀ 21 ಅಂತ ಹೇಳಿ ಮುಗಿಸೋಣ ಅನಿಸಿತ್ತು. ಆದರೂ ಪೂರ್ತಿ ಲೆಕ್ಕ ಬರೆದು, ಖರ್ಚಿನ ಚೀಟಿ ಲಗತ್ತಿಸಿ, ದಲಾಲಿ ಕಾಕಾನ ಮುಂದಿಟ್ಟೆ. ಅವರು ಬೆರಳಿಟ್ಟು ಓದಿ, ‘ಐದು ಮಂದಿ ಉಳದ್ರಲ್ಲ, ಅವರದೇನು?’ ಅಂದರು. ಪರೀಕ್ಷೆ–3 ಇದೆ ಕಾಕಾ, ಆಗಸ್ಟ್‌ನಲ್ಲಿ, ಅಂದೆ. ‘ಹಂಗಾದ್ರ ವಹಿ ತೆಗಿ’ ಅಂದರು. ಆ ಸಲ ನಾನು ಎಲ್ಲೂ ಓಡಿರಲಿಲ್ಲ.

ನಿಮ್ಮ ಸಂಸ್ಥೆಯ ಒಂದು ಸಂಜೆಗೋ, ಒಂದು ತಿಂಗಳಿಗೋ ಎಷ್ಟು ಬೀಳುತ್ತೆ ಅಂತ ಮೊದಲು ಕೇಳಿಕೊಂಡು ಬನ್ನಿ. ಅದು ಗೊತ್ತಾದ ಮೇಲೆ ಕ್ಯೂಆರ್ ಇಲ್ಲೇ ಹಾಕಿ, ನನ್ನದು 501. ವಹಿಯಲ್ಲಿ ಮೊದಲನೇ ಹೆಸರಾಗಿ ಮಾತ್ರ ಬರೆದುಕೊಳ್ಳಬೇಡಿ.